ಎದುರು ಕುರ್ಚಿಯ ಸಂದೇಹಮ್ಮ

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅಚ್ಚುಕೂಟದವರು ಒಮ್ಮೆ ಸಂದೇಹಮ್ಮ ಅಂದರು, ಅಲ್ಲಿಗೆ ಮುಗಿಯಿತು, ಕೊನೆಗೆ ಕಟ್ಟಿಕೊಂಡ ಗಂಡನೂ ಹಾಗೇ ಕರೆಯತೊಡಗಿದ. ಕೋರ್ಟಿನ ತೀರ್ಪುಗಳನ್ನು ಸಂಪುಟಗಳಾಗಿ ಅಚ್ಚು ಹಾಕುವ ಕಡೆ ಅವಳು ಕರಡು ತಿದ್ದುವ ಕೆಲಸದಲ್ಲಿದ್ದಳು. ಅಕ್ಷರ ತಪ್ಪಿದ್ದರೆ ತಿದ್ದಬೇಕು, ಅರ್ಥದಲ್ಲಿ ಅನುಮಾನ ಬಂದರೆ ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿ ಮೇಲಿನವರಿಗೆ ಕಳಿಸಬೇಕು, ನಿಯಮ ಇಷ್ಟೇ. ಬೇರೆಯವರು ಪುಟಕ್ಕೊಂದು ಹಾಕಿದರೆ ಹೆಚ್ಚು. ಇವಳ ಪುಟಗಳ ಅಂಚಿನಲ್ಲಿ ಅವು ಇರುವೆ ಸಾಲಿನ ಹಾಗೆ ಇಳಿದು ಬರುತ್ತಿದ್ದವು. "ನ್ಯಾಯಾಧೀಶರು ತೀರ್ಪು ಕೊಟ್ಟಾಗಿದೆ ತಾಯಿ, ನೀವು ಮತ್ತೆ ವಿಚಾರಣೆ ಶುರು ಮಾಡ್ಬೇಡಿ" ಎಂದು ಮೇಲಿನವರು ಕೈಮುಗಿದದ್ದೂ ಉಂಟು.

ಜನ ಅದನ್ನು ತಲೆಹರಟೆ ಅಂದುಕೊಂಡರು. ಪಾಪ, ತಲೆಹರಟೆಯಲ್ಲ, ನಿಜವಾದ ಗೊಂದಲ. ವಾದಿಯ ಮಾತು ಓದುವಾಗ ಅವಳಿಗೆ ವಾದಿಯೇ ಸರಿ. ಪುಟ ತಿರುಗಿಸಿ ಪ್ರತಿವಾದಿಯ ಮಾತಿಗೆ ಬಂದರೆ, ಅಯ್ಯೋ, ಇವನು ಹೇಳುವುದರಲ್ಲೂ ಹುರುಳಿದೆಯಲ್ಲ! ತೀರ್ಪು ಮುಗಿಯುವಷ್ಟರಲ್ಲಿ ಸೋತವನು ಯಾರೇ ಆಗಿರಲಿ, ಅವನ ಮೇಲೆ ಕನಿಕರ ಹುಟ್ಟಿರುತ್ತಿತ್ತು. ಬಟ್ಟೆ ಅಂಗಡಿಯಲ್ಲೂ ಇದೇ ಪಾಡು. ಬೇಡವೆಂದು ಬಿಟ್ಟ ಬಟ್ಟೆಯನ್ನು ತಿರುತಿರುಗಿ ನೋಡುತ್ತಲೇ ಮೆಟ್ಟಿಲಿಳಿಯುವವಳು. ಇಂಥವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಆದರೆ ಒಂದು ಕಡೆ ಗಟ್ಟಿಯಾಗಿ ನಿಂತು ಗಂಟಲು ಹರಿದುಕೊಳ್ಳುವವರಿಗೇ ಈಗ ಕಾಲ, ಇವರನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ತೀರ್ಪುಗಳನ್ನೆಲ್ಲ ಕಂಪ್ಯೂಟರಿನಲ್ಲೇ ಓದುವ ಕಾಲ ಬಂದು ಅಚ್ಚುಕೂಟ ಬಾಗಿಲು ಹಾಕಿತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ಅವಳಿಗಿಂತ ಮುಂಚೆಯೇ ನಿವೃತ್ತನಾಗಿ, ಮನೆಯಲ್ಲಿ ಕೆಡದೇ ಇರುವ ಮಿಕ್ಸಿ ಫ್ಯಾನುಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡುತ್ತಿದ್ದ. ಅವನ ಜೊತೆ ಕೂತು ಕೂತು ಅವಳಿಗೆ ತಲೆ ಚಿಟ್ಟು ಹಿಡಿಯಿತು. ಹಾಗಿರುವಾಗ ಗ್ರಂಥಾಲಯದ ಬೋರ್ಡಿನಲ್ಲಿ ಒಂದು ಚೀಟಿ ಕಂಡಿತು. ಹಳೆಯ ತೀರ್ಪುಗಳನ್ನು ತಾಳ್ಮೆಯಿಂದ ಓದಬಲ್ಲವರು ಬೇಕು, ಸಂಬಳವಿಲ್ಲ, ಟೀ ಉಂಟು. ಹೈನು ದನ, ಹಂದಿ, ಕೋಳಿಗಳ ಪರವಾಗಿ ಕೋರ್ಟಿಗೆ ಹೋಗುವ ಒಂದು ಸಣ್ಣ ಗುಂಪು ಹಾಕಿದ ಚೀಟಿ ಅದು. ಪ್ರಾಣಿದಯೆ ಉಕ್ಕಿ ಬಂದು ಅವಳು ಅಲ್ಲಿಗೆ ಹೋದಳೆಂದು ಯಾರಾದರೂ ಹೇಳಿದರೆ ನಂಬಬೇಡಿ. ಓದುವ ಚಟಕ್ಕೆ ಹೋದಳು.

"ಸಂಬಳ ಇಲ್ಲದ ಕೆಲಸಕ್ಕೆ ಊಟದ ಡಬ್ಬಿ ಬೇರೆ" ಎಂದು ಗಂಡ ನಕ್ಕ. ಬೆಳಿಗ್ಗೆಯ ಆಮ್ಲೆಟ್ ಮಾತ್ರ ತಪ್ಪಬಾರದು ಎಂದೂ ಹೇಳಿದ.

ಕಚೇರಿ ಇದ್ದದ್ದು ಟೈರ್ ಅಂಗಡಿಯ ಮಹಡಿಯ ಮೇಲೆ, ಒಂದರೊಳಗೊಂದು ಎನ್ನುವಂತಿದ್ದ ಎರಡು ಕೋಣೆ. ಕೆಳಗೆ ಗಾಳಿ ತುಂಬುವಾಗೆಲ್ಲ ಮೇಲಿನ ಕಿಟಕಿ ಗಾಜು ಗುಂಯ್‌ಗುಡುತ್ತಿತ್ತು. ಒಳಗಿನ ಕೋಣೆಯಲ್ಲಿ ಗೋಡೆಗೊರಗಿಸಿದ ಸಂಪುಟಗಳು. ಅವುಗಳಲ್ಲಿ ಕೆಲವನ್ನು ತಾನೇ ತಿದ್ದಿದ್ದಳೆಂದು ಕಂಡು ಹಳೆಯ ನೆಂಟರು ಸಿಕ್ಕಷ್ಟು ಖುಷಿಪಟ್ಟಳು. ಗುಂಪನ್ನು ನಡೆಸುತ್ತಿದ್ದವಳು ನಲವತ್ತರ ಆಸುಪಾಸಿನ ವಕೀಲೆ. ಎಲ್ಲರೂ ವಕೀಲಮ್ಮ ಎನ್ನುತ್ತಿದ್ದರು. ಬಿರುಸಿನ ಹೆಂಗಸು, ಕೂತಲ್ಲಿ ಕೂರಳು, ಮಾತಾಡುತ್ತಲೇ ಟೀ ಆರಿಸಿಬಿಡುವವಳು.

ಆಗ ಅವರ ಕೈಯಲ್ಲಿದ್ದದ್ದು ಮೊಟ್ಟೆ ಕೋಳಿಗಳ ಕೇಸು. ಶೆಡ್ಡುಗಳಲ್ಲಿ ಕೋಳಿಗಳನ್ನು ತಂತಿಯ ಪಂಜರದಲ್ಲಿ ಒತ್ತೊತ್ತಾಗಿ ಇಡುವುದನ್ನು ನಿಲ್ಲಿಸಬೇಕೆಂದು ಕೇಳಿದ್ದರು. ಎದುರು ಪಕ್ಷ ಮೊಟ್ಟೆ ಉತ್ಪಾದಕರ ಸಂಘ. ಕಾನೂನಿನಲ್ಲಿದ್ದದ್ದು ಒಂದೇ ಸಾಲು: ಪ್ರಾಣಿಗೆ ಅನಗತ್ಯ ನೋವು ಕೊಡಬಾರದು. ಇಡೀ ಜಗಳ ಆ 'ಅನಗತ್ಯ'ದ ಮೇಲೆ. ಯಾವ ನೋವು ಅಗತ್ಯ, ಯಾವುದು ಅನಗತ್ಯ, ಅದನ್ನು ಹೇಳಬೇಕಾದವರು ಯಾರು? ಸಂದೇಹಮ್ಮನಂಥವಳಿಗೆ ಇದಕ್ಕಿಂತ ಬೇರೆ ನರಕ ಬೇಕೆ!

ಮೊದಲ ವಾರವೇ ಒಬ್ಬ ಪಶುವೈದ್ಯರ ವರದಿ ಅವಳ ಕೈಗೆ ಬಂತು. ತಂತಿಯ ಮೇಲೇ ನಿಂತು ನಿಂತು ಕೋಳಿಯ ಉಗುರು ಬೆಳೆದು ತಂತಿಗೇ ಸುತ್ತಿಕೊಂಡಿರುತ್ತದೆ, ಹೊರಗೆ ತೆಗೆಯುವಾಗ ಬಿಡಿಸಿ ತೆಗೆಯಬೇಕಾಗುತ್ತದೆ ಎಂದು ಅದರಲ್ಲಿತ್ತು. ಮಾರನೆಯ ಬೆಳಿಗ್ಗೆ ಗಂಡನಿಗೆ ಮೊಟ್ಟೆ ಒಡೆಯುವಾಗ ಕೈ ತಡೆಯಿತು. ಒಡೆದಳು, ತಿಂದಳು ಕೂಡ. ತಿಂದದ್ದಕ್ಕೆ ಬೇಜಾರಾಯಿತು, ಬೇಜಾರಾದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಆ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ಗುರುವಾರ ಸಂಜೆ ಕಿಟಕಿಯ ಪಕ್ಕದ ಕುರ್ಚಿಯನ್ನು ಎಲ್ಲರಿಗೆ ಎದುರಾಗಿ ಎಳೆದು ಹಾಕುತ್ತಿದ್ದರು. ಅದರಲ್ಲಿ ಕೂತವರು ಅವತ್ತಿನ ಮಟ್ಟಿಗೆ ಶತ್ರು. ಸಂಘದ ಪರವಾಗಿ, ಪ್ರಾಣ ಒತ್ತೆಯಿಟ್ಟವರಂತೆ ವಾದಿಸಬೇಕು. ಸುಮ್ಮನೆ ಶಾಸ್ತ್ರಕ್ಕೆ ಮಾತಾಡಿ ಎದ್ದರೆ ವಕೀಲಮ್ಮ ಮತ್ತೆ ಕೂರಿಸುತ್ತಿದ್ದಳು. ಉಳಿದವರು ಅದಕ್ಕೆ ಉತ್ತರ ಹುಡುಕಬೇಕು. ಅಲ್ಲಿದ್ದ ಬೇರೆ ಸ್ವಯಂಸೇವಕರೆಲ್ಲ ಕೋಳಿಯನ್ನು ಮಕ್ಕಳಂತೆ ಕಾಣುವವರು, ಆ ಕುರ್ಚಿಯಲ್ಲಿ ಕೂತರೆ ನಾಲಿಗೆಯೇ ಏಳುತ್ತಿರಲಿಲ್ಲ. ಸಂದೇಹಮ್ಮ ಕೂತ ಮೊದಲ ಸಲವೇ ಎಲ್ಲರ ಬಾಯಿ ಮುಚ್ಚಿಸಿಬಿಟ್ಟಳು.

"ಇನ್ಮೇಲೆ ಎದುರು ಕುರ್ಚಿ ನಿಮ್ದೇ. ಇಷ್ಟು ವರ್ಷ ಎಲ್ಲಿ ಅಡಗಿದ್ರಿ?" ಎಂದಳು ವಕೀಲಮ್ಮ.

ಆ ಮಾತಿಗೆ ಅವಳು ಉಬ್ಬಿಹೋದಳು. ಅಚ್ಚುಕೂಟದಲ್ಲಿ ನಗೆಪಾಟಲಾಗಿದ್ದ ಗುಣಕ್ಕೆ ಇಲ್ಲಿ ಕುರ್ಚಿಯೇ ಸಿಕ್ಕಿತ್ತಲ್ಲ! ಅಂದಿನಿಂದ ಅವಳು ಕೋಳಿಗಳನ್ನು ಕಾಪಾಡಲೆಂದು, ಕೋಳಿಗಳಿಗೆ ವಿರುದ್ಧವಾದ ತೀರ್ಪುಗಳನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕತೊಡಗಿದಳು.

ಹುಡುಕಿದವಳಿಗೆ ಸಿಕ್ಕಿತು ನೋಡಿ. ಬಹಳ ಹಿಂದಿನ ಒಂದು ಸಂಪುಟ, ಎತ್ತಿನ ಗಾಡಿಯವನೊಬ್ಬನ ಕೇಸು. ಎತ್ತಿಗೆ ಮೂಗುದಾರ ಹಾಕಿದ್ದು ಹಿಂಸೆಯೇ ಎಂಬ ಪ್ರಶ್ನೆ. ಒಂದು ಕಸುಬಿನವರೆಲ್ಲ ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು, ಅದಿಲ್ಲದೆ ಆ ಕಸುಬೇ ನಡೆಯದಂಥದ್ದು, ಅದರಿಂದಾಗುವ ನೋವನ್ನು ಅನಗತ್ಯ ಎನ್ನಲಾಗದು ಎಂದು ಮೂವರು ನ್ಯಾಯಾಧೀಶರು ಒಟ್ಟಾಗಿ ಹೇಳಿದ್ದರು. ವಿಷಯಸೂಚಿಯಲ್ಲಿ ಇದನ್ನು 'ಪ್ರಾಣಿ'ಯ ಕೆಳಗೆ ಹಾಕದೆ 'ಗಾಡಿ'ಯ ಕೆಳಗೆ ಹಾಕಿದ್ದರು. ಅದಕ್ಕೇ ಇರಬೇಕು, ಇಷ್ಟು ಕಾಲವೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇಲ್ಲಿ ಅವಳ ತಂಗಿಯ ವಿಷಯ ಹೇಳಬೇಕು. ಊರಂಚಿನಲ್ಲಿ ತಂಗಿಯ ಮನೆ, ಮನೆಯ ಹಿಂದೆ ಉದ್ದನೆಯ ಎರಡು ಕೋಳಿ ಶೆಡ್ಡು. ತಂಗಿಯ ಗಂಡ ಅದೇ ಮೊಟ್ಟೆ ಉತ್ಪಾದಕರ ಸಂಘದ ಒಬ್ಬ ಸಾಮಾನ್ಯ ಸದಸ್ಯ. ಮೆತ್ತಗಿನ ಮನುಷ್ಯ, ಎದುರಿಗೆ ನೊಣ ಕೂತರೂ "ಸ್ವಲ್ಪ ಆ ಕಡೆ" ಅನ್ನುವ ಪೈಕಿ. ಅಕ್ಕ ಪ್ರತಿ ಭಾನುವಾರ ಬಸ್ಸು ಹಿಡಿದು ಅಲ್ಲಿಗೆ ಹೋಗುವವಳು. ಹಿತ್ತಲ ಕಡೆಯಿಂದ ಕೋಳಿಗಳ ಗದ್ದಲ ಕೇಳುತ್ತಿತ್ತು, ವಾಸನೆ ಬರುತ್ತಿತ್ತು, ಅಷ್ಟೇ. ರೋಗ ಹರಡುತ್ತದೆಂದು ಹೊರಗಿನವರನ್ನು ಶೆಡ್ಡಿನೊಳಗೆ ಬಿಡುತ್ತಿರಲಿಲ್ಲ, ಅವಳೂ ಕೇಳಿರಲಿಲ್ಲ. ತಾನು ಯಾವ ಗುಂಪಿಗೆ ಹೋಗುತ್ತಿದ್ದೇನೆಂದು ಅವಳು ಮುಚ್ಚಿಟ್ಟಿರಲೂ ಇಲ್ಲ. ತಂಗಿ ಒಂದು ದಿನ ಮುಖ ಊದಿಸಿಕೊಂಡಿದ್ದಳು, ಆಮೇಲೆ ಸರಿಹೋದಳು. ತಂಗಿಯ ಗಂಡ ಮಾತ್ರ "ಅತ್ತಿಗೆ ಓದಿದೋರು, ಏನೋ ಓದ್ಲಿ ಬಿಡು" ಎಂದಿದ್ದ.

ಗಾಡಿಯವನ ಕೇಸನ್ನು ಎದುರು ಕುರ್ಚಿಯಲ್ಲಿ ಹೇಳಬೇಕಿದ್ದ ಗುರುವಾರಕ್ಕೆ ಮುಂಚಿನ ಭಾನುವಾರ, ತಂಗಿ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು, ಅವಳ ಗಂಡ ಬಾಗಿಲಿಗೊರಗಿ ಟೀ ಕುಡಿಯುತ್ತಿದ್ದ. ಸಂದೇಹಮ್ಮ ಅವನನ್ನೇ ಕೇಳಿ ತಿಳಿದುಕೊಂಡಳು. ಪಂಜರ ಯಾಕೆ? ಹೊರಗೆ ಬಿಟ್ಟರೆ ಒಂದನ್ನೊಂದು ಕುಕ್ಕಿ ಸಾಯಿಸುತ್ತವೆ. ಪಂಜರದ ತಳ ಇಳಿಜಾರು ಯಾಕೆ? ಮೊಟ್ಟೆ ಹಿಕ್ಕೆ ತಾಗದೆ ಉರುಳಿ ಬರುತ್ತದೆ. ಇಲ್ಲದಿದ್ದರೆ? ಇಲ್ಲದಿದ್ದರೆ ಶೆಡ್ಡು ಮುಚ್ಚಬೇಕು, ಅಷ್ಟೆ ಅತ್ತಿಗೆ. ಆಮೇಲೆ ಅವಳು ಸೌಟು ಹಿಡಿದುಕೊಂಡೇ ಎದ್ದು ನಿಂತು ಒಂದು ಸಲ ಅಭ್ಯಾಸ ಮಾಡಿದಳು. ಗಾಡಿಯವನ ಕೇಸು ಹೇಳಿದಳು. "ಮಗುವಿಗೆ ಶಾಲೆಯ ಬೂಟು ಬಿಗಿಯಾಗುತ್ತದೆ, ಹಾಗಂತ ಶಾಲೆಯನ್ನೇ ಹಿಂಸೆ ಎನ್ನುತ್ತೇವೆಯೇ?" ಎಂದು ಕೈ ಬೀಸಿ ಮುಗಿಸಿದಳು.

ತಂಗಿಯ ಗಂಡ ಲೋಟ ಕೆಳಗಿಟ್ಟ. "ಇನ್ನೊಂದು ಸಲ ಹೇಳಿ ಅತ್ತಿಗೆ" ಎಂದ.

ಜನ್ಮದಲ್ಲಿ ಅವಳಿಗೆ ಯಾರೂ ಇನ್ನೊಂದು ಸಲ ಹೇಳಿ ಎಂದಿರಲಿಲ್ಲ. ಸಾಕು ಮಾಡು ಎಂದವರೇ ಎಲ್ಲ. ಮೊದಲಿಗಿಂತ ಚೆನ್ನಾಗಿ ಹೇಳಿದಳು. ಅವನು ಸಂಪುಟದ ಗುರುತು ಕೇಳಿಕೊಂಡ, "ನಮ್ಮ ಸಂಘದೋರಿಗೆ ಹೇಳ್ಲಾ ಇದನ್ನ?" ಎಂದೂ ಕೇಳಿದ.

"ಹೇಳಿ, ಅದಕ್ಕೇನಂತೆ" ಅಂದಳು.

ಅಂದುಬಿಟ್ಟಳು! ಬೇಕೆಂದು ಅಂದಳೇ, ಮೈಮರೆತು ಅಂದಳೇ, ಆ ಹೊತ್ತಿನಲ್ಲಿ ತಾನು ಯಾವ ಕಡೆಯವಳೆಂಬ ನೆನಪಿತ್ತೇ, ಆಮೇಲೆ ಎಷ್ಟು ಕೆದಕಿಕೊಂಡರೂ ಅವಳಿಗೇ ತಲೆಬುಡ ಹತ್ತಲಿಲ್ಲ. ಹೊಗಳಿಕೆಗೆ ಸೋತಳು ಎಂದರೆ ಅದು ಸತ್ಯದ ಅರ್ಧ. ಉಳಿದರ್ಧ ಏನೆಂದರೆ, ಹೇಳುತ್ತ ಹೇಳುತ್ತ ಆ ವಾದ ಸರಿಯೆಂದೇ ಅವಳಿಗೆ ಅನ್ನಿಸಿಬಿಟ್ಟಿತ್ತು.

ಗುರುವಾರ ಎದುರು ಕುರ್ಚಿಯಿಂದ ಅದನ್ನೇ ಹೇಳಿದಳು. ಯಾರ ಬಳಿಯೂ ಉತ್ತರವಿರಲಿಲ್ಲ. ವಕೀಲಮ್ಮ ಕಿಟಕಿಯತನಕ ಹೋಗಿ ಬಂದಳು, ಬಾಗಿಲತನಕ ಹೋಗಿ ಬಂದಳು. "ಇರ್ಲಿ. ಆ ಕಡೆಯೋರು ಗಾಡಿ ಅನ್ನೋ ತಲೆಬರಹದ ಕೆಳಗೆ ಕೋಳಿ ಹುಡುಕಲ್ಲ. ನಾವಾಗಿ ಎತ್ತೋದು ಬೇಡ" ಎಂದಳು. ಅದೂ ಸರಿಯಾದ ಕೆಲಸವಲ್ಲ ಎಂದು ಸಂದೇಹಮ್ಮನಿಗೆ ತೋಚಿತು. ಆದರೆ ಬಾಯಿ ಬಿಡುವ ಯೋಗ್ಯತೆ ತನಗೆಲ್ಲಿದೆ ಎಂದು ಸುಮ್ಮನಾದಳು. ಭಾನುವಾರದ ವಿಷಯ ನಾಲಿಗೆ ತುದಿಗೆ ಬಂದದ್ದು ಅಲ್ಲೇ ಉಳಿಯಿತು.

ವಿಚಾರಣೆಯ ದಿನ ಅವಳು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಸಂಘದ ವಕೀಲ ಉದ್ದನೆಯ ಆಳು, ಮಾತಿಗೊಮ್ಮೆ ಕೆಮ್ಮುವವನು. ಎದ್ದು ನಿಂತು, ಕೆಮ್ಮಿ, "ಸ್ವಾಮಿ, ಎತ್ತಿನ ಗಾಡಿಯ ಒಂದು ಹಳೆಯ ಪ್ರಕರಣದತ್ತ ತಮ್ಮ ಗಮನ ಸೆಳೆಯುತ್ತೇನೆ" ಎಂದ. ಅವಳ ವಾದ, ಅವಳ ಕ್ರಮ, ಕೊನೆಗೆ ಅವಳ ಶಾಲೆ ಬೂಟೂ ಬಂತು. ನಿಜ ಹೇಳಬೇಕೆಂದರೆ ಅವಳಿಗೆ ಮೊದಲು ಆದದ್ದು ಸಂತೋಷ. ಅಬ್ಬಾ, ಎಷ್ಟು ಚೆನ್ನಾಗಿ ಕೂತಿದೆ ಮಾತು! ನ್ಯಾಯಾಧೀಶರು ತಲೆದೂಗಿದಾಗ ತಾನೂ ತಲೆದೂಗಿದಳು. ಮುಂದಿನ ಸಾಲಿನಲ್ಲಿ ವಕೀಲಮ್ಮನ ಭುಜ ಕುಸಿದದ್ದನ್ನು ಕಂಡಾಗ ತೂಗುತ್ತಿದ್ದ ತಲೆ ಅಲ್ಲೇ ನಿಂತಿತು. ನಾಚಿಕೆಯಿಂದ ಕಿವಿಯವರೆಗೂ ಬಿಸಿಯಾಯಿತು.

ಕೆಲವು ವಾರಗಳಲ್ಲಿ ಆದೇಶ ಬಂತು. ಗಾಡಿಯವನ ಕೇಸನ್ನೇ ಹಿಡಿದುಕೊಂಡು ಕೋರ್ಟು ಅರ್ಜಿಯನ್ನು ವಜಾ ಮಾಡಿತ್ತು. ಪಂಜರಗಳು ಇದ್ದಲ್ಲೇ ಇರುತ್ತವೆ.

ಮಾರನೆಯ ದಿನ ಬಾಗಿಲು ಬಡಿದ ಸದ್ದಾಗಿ ತೆಗೆದರೆ ತಂಗಿ. ಕೈಯಲ್ಲಿ ತುಂಬಿದ ಮೊಟ್ಟೆ ಟ್ರೇ. "ಅಕ್ಕಾ, ನಿನ್ನಿಂದ ಉಳ್ಕೊಂಡ್ವಿ ಕಣೇ" ಎಂದು ಅಲ್ಲೇ ಅತ್ತಳು. ಶೆಡ್ಡು ಮುಚ್ಚಬೇಕಾಗುತ್ತದೆಂದು ಅವಳ ಗಂಡ ತಿಂಗಳುಗಟ್ಟಲೆ ಸರಿಯಾಗಿ ಊಟ ಮಾಡಿರಲಿಲ್ಲವಂತೆ. ಸಂದೇಹಮ್ಮ ತಂಗಿಯ ಕಣ್ಣೊರೆಸಿದಳು, ತಾನೂ ಅತ್ತಳು. ಯಾವುದಕ್ಕೆ ಅಳುತ್ತಿದ್ದಾಳೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ತಂಗಿ ಬಸ್ಸಿಗೆ ಹೋದಮೇಲೆ ಟ್ರೇಯನ್ನು ಎಲ್ಲಿಡಬೇಕೆಂದು ತೋಚದೆ ಹಿಡಿದುಕೊಂಡೇ ನಿಂತಿದ್ದಳು.

ಗಂಡ ಸ್ಕ್ರೂಡ್ರೈವರ್ ಕಿವಿಗೆ ಸಿಕ್ಕಿಸಿಕೊಂಡು ಬಂದು ನೋಡಿದ. "ಅಲ್ವೇ, ಕೋಳಿಗಳ ಕಡೆಯೋಳು ಅಂತ ಡಬ್ಬಿ ಕಟ್ಟಿಸ್ಕೊಂಡು ಹೋಗ್ತಿದ್ದೆ. ಈಗ ನೋಡಿದ್ರೆ ಬಹುಮಾನ ಆ ಕಡೆಯಿಂದ ಬಂದಿದೆ. ನೀನು ಯಾರ ಕಡೆ ಅಂತ ನಿನಗಾದ್ರೂ ಗೊತ್ತಾ?"

ಬೇರೆ ದಿನವಾಗಿದ್ದರೆ ಅವನ ಮೇಲೆ ಹರಿಹಾಯುತ್ತಿದ್ದಳು. ಅವತ್ತು "ಗೊತ್ತಿಲ್ಲ ರೀ" ಎಂದಳು. ಅವನು ಟ್ರೇ ಇಸಿದುಕೊಂಡು ಮೇಜಿನ ಮೇಲಿಟ್ಟ.

ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ವಕೀಲಮ್ಮ ಪೂರ್ತಿ ಕೇಳಿ, ಜನ್ಮದಲ್ಲಿ ಮೊದಲ ಬಾರಿಗೆ ಒಂದು ಕಡೆ ಕೂತಳು.

"ಕುರ್ಚಿ ಇಲ್ಲೇ ಇತ್ತಲ್ಲಮ್ಮ. ಅದನ್ನ ಯಾಕೆ ತಂಗಿ ಮನೆಗೆ ಹೊತ್ಕೊಂಡು ಹೋದ್ರಿ?"

"ತಪ್ಪಾಯ್ತು. ಬೇಡ ಅಂದ್ರೆ ನಾಳೆಯಿಂದ ಬರಲ್ಲ."

"ಬರ್ಬೇಡಿ ಅಂತ ಹೇಳೋಣ ಅಂದ್ರೆ..." ವಕೀಲಮ್ಮನ ಸಿಟ್ಟು ತನ್ನ ಕಡೆಗೇ ತಿರುಗಿತು. "ಆ ತೀರ್ಪು ಗೊತ್ತಿದ್ದೂ ನಾನು ಬಚ್ಚಿಟ್ಟೆ. ನಾನೇ ಮೊದಲು ಎತ್ತಿ, ಉತ್ತರ ಕೊಟ್ಟಿದ್ರೆ ಇಷ್ಟು ಆಗ್ತಿರ್ಲಿಲ್ಲ. ನಿಮ್ಮನ್ನೊಬ್ಬರನ್ನೇ ಬಯ್ಯೋಕೆ ನನಗೂ ಮುಖ ಇಲ್ಲ. ಮೇಲಿನ ಕೋರ್ಟಿಗೆ ಹೋಗ್ಬೇಕು. ಹೇಳಿ, ನಿಮ್ಮ ವಾದಕ್ಕೆ ಉತ್ತರ ಏನು?"

"ನನಗೆ ಅದು ಸರಿ ಅಂತಾನೇ ಅನ್ಸುತ್ತೆ" ಎಂದಳು ಸಂದೇಹಮ್ಮ. ಅಳು ಬಂತು. "ಉಗುರಿನ ವಿಷಯ ಓದಿದಾಗ ಅದೂ ಸರಿ ಅನ್ಸುತ್ತೆ. ನಾನೇನು ಮಾಡ್ಲಿ? ನಾನು ಒಂದು ಶೆಡ್ಡಿನೊಳಗೂ ಕಾಲಿಟ್ಟೋಳಲ್ಲ."

ವಕೀಲಮ್ಮ ಅವಳನ್ನೇ ನೋಡಿದಳು. "ನಾನೂ ಇಟ್ಟಿಲ್ಲ" ಎಂದಳು.

ಕೆಳಗೆ ಯಾರದೋ ಟೈರಿಗೆ ಗಾಳಿ ತುಂಬುತ್ತಿತ್ತು. ಇಷ್ಟು ವರ್ಷ ಕೇಸು ನಡೆಸಿದವಳು ಒಬ್ಬಳು, ಎರಡೂ ಕಡೆಗೆ ವಾದ ಹೊಸೆದವಳು ಇನ್ನೊಬ್ಬಳು, ಇಬ್ಬರೂ ಪಂಜರವನ್ನು ಕಂಡದ್ದು ಕಾಗದದಲ್ಲಿ.

ಭಾನುವಾರಕ್ಕೆ ಕಾಯದೆ ಸಂದೇಹಮ್ಮ ಬಸ್ಸು ಹತ್ತಿದಳು. ತಂಗಿ ಮನೆಯಲ್ಲಿರಲಿಲ್ಲ. ತಂಗಿಯ ಗಂಡ ಶೆಡ್ಡಿನ ಮುಂದೆ ಮೇವಿನ ಚೀಲ ಇಳಿಸುತ್ತಿದ್ದ. ಅವಳನ್ನು ಕಂಡು ಮುಖವೆಲ್ಲ ಅರಳಿ, "ಬನ್ನಿ ಅತ್ತಿಗೆ, ಟೀ ಮಾಡ್ತೀನಿ" ಎಂದ.

"ಟೀ ಆಮೇಲೆ. ಶೆಡ್ಡಿನೊಳಗೆ ಒಂದ್ಸಲ ನೋಡ್ಬೇಕು."

ಅರಳಿದ ಮುಖ ಮುದುಡಿತು. "ರೋಗ ಗೀಗ ಹರಡುತ್ತೆ ಅತ್ತಿಗೆ..."

"ಕಾಲು ತೊಳ್ಕೊಂಡು ಬರ್ತೀನಿ. ನೀವು ಹಾಕ್ಕೊಳ್ಳೋ ಬೂಟೇ ಕೊಡಿ."

"ಬೇಡ ಅತ್ತಿಗೆ."

"ಯಾಕ್ರೀ? ಒಳಗೆ ಏನೂ ತಪ್ಪಿಲ್ಲ ಅಂತ ಕೋರ್ಟೇ ಹೇಳಿದೆ. ನಾನೂ ಹೇಳಿದ್ದೀನಿ."

"ನೀವು ಹೇಳಿದ್ದು ಚೆನ್ನಾಗಿತ್ತು" ಎಂದ ಅವನು. ಚೀಲದ ಮೇಲೆ ಕೂತು ಅಂಗೈಯ ಧೂಳು ಕೊಡವಿಕೊಂಡ. ಕೊಡವಲು ಏನೂ ಉಳಿಯದಿದ್ದರೂ ಕೊಡವುತ್ತಲೇ ಇದ್ದ. "ಅತ್ತಿಗೆ, ಒಂದು ಮಾತು ಹೇಳ್ತೀನಿ, ಅವಳಿಗೆ ಹೇಳ್ಬೇಡಿ. ಮೊದಲೆಲ್ಲ ಬೆಳಿಗ್ಗೆ ಈ ಬಾಗಿಲ ಹತ್ರ ಬಂದು ಸುಮ್ನೆ ನಿಂತಿರ್ತಿದ್ದೆ. ಕೈ ಚಿಲಕಕ್ಕೆ ಹೋಗ್ತಿರ್ಲಿಲ್ಲ. ಹೆಂಗೋ ಮನಸ್ಸು ಕಲ್ಲು ಮಾಡ್ಕೊಂಡು ಹೋಗ್ತಿದ್ದೆ. ಅವತ್ತು ನೀವು ಹೇಳಿದ್ರಲ್ಲ, ಕಸುಬಿನೋರೆಲ್ಲ ಮಾಡೋದು ತಪ್ಪಲ್ಲ ಅಂತ. ಇನ್ನೊಂದು ಸಲ ಹೇಳಿ ಅಂದಿದ್ದು ಸಂಘಕ್ಕೋಸ್ಕರ ಅಲ್ಲ. ನನಗೆ ಬೇಕಾಗಿತ್ತು. ಈಗ ದಿನಾ ಅದನ್ನೇ ಬಾಯಲ್ಲಿ ಹೇಳ್ಕೊಂಡು ಬಾಗಿಲು ತೆಗೀತೀನಿ."

ದಿನಾ ಆ ಬಾಗಿಲು ತೆಗೆಯುವವನಿಗೆ ಏನನ್ನಿಸುತ್ತದೆ ಎಂದು ಕೋರ್ಟು ಕೇಳಿರಲಿಲ್ಲ, ಆ ಪ್ರಶ್ನೆಗೆ ಈ ಮನುಷ್ಯ ಚೀಲದ ಮೇಲೆ ಕೂತು ಉತ್ತರ ಹೇಳಿಬಿಟ್ಟಿದ್ದ. ಅದನ್ನು ಅವನ ವಿರುದ್ಧ ಬಳಸುವುದು ಹೇಗೆ, ಬಳಸದೆ ಬಿಡುವುದು ಹೇಗೆ? ಕಚೇರಿಗೆ ಏನು ಹೇಳಬೇಕು, ತಂಗಿಗೆ ಏನು ಹೇಳಬೇಕು, ಸಂದೇಹಮ್ಮನಿಗೆ ಒಂದೂ ತಿಳಿಯಲಿಲ್ಲ. ಒಳಗೆ ಹೋಗದೆ ಇನ್ನು ಮನೆಗೆ ಹೋಗಲಾರೆ ಎಂಬುದಷ್ಟೇ ತಿಳಿಯಿತು.

"ನೋಡಿದ್ಮೇಲೆ ನೀವು ನಮ್ಮನೆಗೆ ಬರೋದೇ ಬಿಟ್ಟುಬಿಡ್ತೀರಿ" ಎಂದ ಅವನು.

"ಬರ್ತೀನಿ. ಜಗಳ ಆಡೋಕಾದ್ರೂ ಬರ್ತೀನಿ. ತೆಗೀರಿ."

ಅವನು ಎದ್ದು ಚಿಲಕ ಸರಿಸಿದ. ಒಳಗಿನ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಅಭ್ಯಾಸಬಲದಿಂದ ಅವನ ತುಟಿ ಅಲುಗತೊಡಗಿತು. ಸಂದೇಹಮ್ಮ ಅವನ ತೋಳು ಹಿಡಿದು, "ಇವತ್ತು ಅದನ್ನ ಹೇಳ್ಕೋಬೇಡಿ" ಎಂದಳು. ಅವನು ಬಾಯಿ ಮುಚ್ಚಿದ. ಅವಳು ಮುಂದೆ, ಅವನು ಹಿಂದೆ, ಇಬ್ಬರೂ ಒಳಗೆ ಹೋದರು.